ಆಫರ್ ಮುಗಿಸಿದ್ರೆ ದುಡ್ಡು: ಕೊಡುವವರು ಯಾರು, ಯಾಕೆ?

"ಆ್ಯಪ್ ಇನ್‌ಸ್ಟಾಲ್ ಮಾಡಿ, ಲೆವೆಲ್ 10 ಮುಟ್ಟಿ, 200 ರೂಪಾಯಿ ಗೆಲ್ಲಿ." "ನನ್ನ ಲಿಂಕಿಂದ ಅಕೌಂಟ್ ಓಪನ್ ಮಾಡು ಮಾರಾಯ, ಇಬ್ಬರಿಗೂ ಸಿಗ್ತದೆ." ಇವೆರಡರಲ್ಲಿ ಒಂದಾದರೂ ಈ ತಿಂಗಳು ನಿಮ್ಮ ಕ್ಲಾಸಿನ ವಾಟ್ಸ್ಆ್ಯಪ್ ಗ್ರೂಪಿಗೆ ಬಂದಿರ್ತದೆ. ಇಂಟರ್ನಲ್ಸ್ ಮುಗಿದ ಮಾರನೇ ದಿನವಂತೂ ಖಂಡಿತ.

ನನ್ನ ಊರು ಗಂಗೊಳ್ಳಿ. ಅಲ್ಲಿ ಈ ಮೆಸೇಜುಗಳಿಗೆ ಒಂದು ಸೀಸನ್ನೇ ಉಂಟು. ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಬಂದರಿನಲ್ಲಿ ಬೋಟುಗಳು ಸಾಲಾಗಿ ನಿಂತಿರ್ತವೆ, ಹೊರಗೆ ಬಿಡದೆ ಮಳೆ, ಕೈಯಲ್ಲಿ ಫೋನು. ಕಾಲೇಜಿಗೆ ಹೋಗುವವರ ಹತ್ತಿರವೂ ಬೋಟಿಗೆ ಹೋಗುವವರ ಹತ್ತಿರವೂ ಆಗ ಸಮಯ ಇರ್ತದೆ, ಕಾಸು ಇರುವುದಿಲ್ಲ. ರಜೆಗೆ ಮನೆಗೆ ಹೋದ ಇಂಜಿನಿಯರಿಂಗ್ ಹುಡುಗರಿಗೆ ಊರಿನವರು ಕೇಳುವ ಮೊದಲ ಪ್ರಶ್ನೆ ಮಾರ್ಕ್ಸ್ ಎಷ್ಟು ಅಂತ ಅಲ್ಲ. ಫೋನ್ ತೋರಿಸಿ, "ಹ್ವಾಯ್, ಇದ್ರಗೆ ದುಡ್ಡ್ ಬತ್ತಾ?" ಅಂತ.

ಕೆಲವದರಲ್ಲಿ ಬರ್ತದೆ. ಅದೇ ತೊಂದರೆ. ಎಲ್ಲವೂ ಮೋಸವಾಗಿದ್ದರೆ ಒಂದೇ ಮಾತಿನಲ್ಲಿ ಬೇಡ ಅಂತ ಹೇಳಿ ಮುಗಿಸಬಹುದಿತ್ತು. ನಿಜವಾಗಿ ಕೊಡುವ ಆಫರೂ, ನಮ್ಮಿಂದ ಕಿತ್ತುಕೊಳ್ಳುವ ಆಫರೂ ನೋಡ್ಲಿಕ್ಕೆ ಒಂದೇ ಥರ ಇರ್ತವೆ. ಅವೆರಡನ್ನು ಬೇರೆ ಮಾಡ್ಲಿಕ್ಕೆ ಜಾಹೀರಾತಿನ ಬಣ್ಣ ನೋಡಿ ಪ್ರಯೋಜನ ಇಲ್ಲ. ಆ ಹಣ ಎಲ್ಲಿಂದ ಹೊರಟು ನಮ್ಮ ಹತ್ತಿರ ಬರ್ತದೆ ಅಂತ ನೋಡ್ಬೇಕು.

ಕಂಪನಿಯ ಲೆಕ್ಕ

ಹೊಸ ಗ್ರಾಹಕ ಪುಕ್ಕಟೆ ಸಿಗುವುದಿಲ್ಲ. ಟಿವಿ ಜಾಹೀರಾತು, ಹೋರ್ಡಿಂಗ್, ಕ್ರಿಕೆಟ್ ಪ್ರಾಯೋಜಕತ್ವ ಎಲ್ಲದಕ್ಕೂ ಕೋಟಿ ಸುರಿದ ಮೇಲೆ ಎಷ್ಟು ಜನ ಬಂದರು ಅಂತ ಭಾಗಿಸಿದರೆ ತಲೆಗಿಷ್ಟು ಅಂತ ಒಂದು ಖರ್ಚು ಸಿಗ್ತದೆ. ಆ ಖರ್ಚಿನಲ್ಲಿ ಒಂದು ಪಾಲನ್ನು ಹೋರ್ಡಿಂಗಿನವನಿಗೆ ಕೊಡುವ ಬದಲು ನೇರವಾಗಿ ಗ್ರಾಹಕನಿಗೇ ಕೊಟ್ಟರೆ ಏನು? ಆಫರ್ ಅಂದರೆ ಇಷ್ಟೇ. ಇದು ದಾನವೂ ಅಲ್ಲ, ಮೋಸವೂ ಅಲ್ಲ.

ಇದನ್ನು ನಮ್ಮ ದೇಶದಲ್ಲಿ ಸರ್ಕಾರವೇ ಮಾಡಿದೆ. ಭೀಮ್ ಆ್ಯಪ್ ಬಂದದ್ದು 2016ರ ಡಿಸೆಂಬರ್ 30ಕ್ಕೆ, ನೋಟು ರದ್ದಾದ ಬೆನ್ನಿಗೇ. 2017ರ ಏಪ್ರಿಲ್ 14ರಂದು ನಾಗ್ಪುರದಲ್ಲಿ ಪ್ರಧಾನಿ ಅದರ ರೆಫರಲ್ ಯೋಜನೆ ಶುರು ಮಾಡಿದರು. ಒಬ್ಬರನ್ನು ಸೇರಿಸಿದರೆ 10 ರೂಪಾಯಿ. ದಿನಕ್ಕೆ 20 ಜನರನ್ನು ಸೇರಿಸಿದರೆ 200 ರೂಪಾಯಿ ಆಗ್ತದೆ ಅಂತ ಯುವಕರಿಗೆ ವೇದಿಕೆಯಲ್ಲೇ ಲೆಕ್ಕ ಹೇಳಿದರು. ಅದೇ ವರ್ಷ ಸೆಪ್ಟೆಂಬರ್ 18ಕ್ಕೆ ಗೂಗಲ್ 'ತೇಜ್' ತಂತು, ಈಗಿನ ಗೂಗಲ್ ಪೇ. ಅದರಲ್ಲಿ ಒಬ್ಬರನ್ನು ಕರೆತಂದರೆ 51 ರೂಪಾಯಿ. ಮುಂದೆ 2019ರ ದೀಪಾವಳಿಯಲ್ಲಿ ಸ್ಟ್ಯಾಂಪ್ ಆಟ ಬಂತು. ದೀಪ, ಝುಮ್ಕಾ ಸುಲಭದಲ್ಲಿ ಸಿಗ್ತಿತ್ತು, ರಂಗೋಲಿ ಸಿಗ್ತಿರಲಿಲ್ಲ. 251 ರೂಪಾಯಿಗಾಗಿ ವರ್ಷಗಟ್ಟಲೆ ಮಾತು ಬಿಟ್ಟಿದ್ದ ನೆಂಟರಿಗೆಲ್ಲ ಮೆಸೇಜ್ ಹಾಕಿದ ಅಣ್ಣ ಅಕ್ಕಂದಿರು ನಿಮ್ಮ ಮನೆಯಲ್ಲೂ ಇರಬಹುದು. ಗೂಗಲ್‌ಗೆ ಬೇಕಾದದ್ದು ಆ ಮೆಸೇಜುಗಳೇ.

ಈಗ ಆ ಕ್ಯಾಶ್‌ಬ್ಯಾಕುಗಳು ಯಾಕೆ ನಾಲ್ಕಾಣೆಗೆ ಇಳಿದಿವೆ ಅಂತ ಕೇಳಿದರೆ ಉತ್ತರ ಇದರಲ್ಲೇ ಉಂಟು. ನಾವೆಲ್ಲ ಆಗಲೇ ಒಳಗೆ ಬಂದಾಗಿದೆ. ಬಂದವರಿಗೆ ಮತ್ತೆ ದುಡ್ಡು ಕೊಟ್ಟು ಕರೆಯುವವರು ಯಾರು?

ಈ ಉಪಾಯ ಹಳೆಯದು. 1999ರಲ್ಲಿ ಅಮೆರಿಕದಲ್ಲಿ ಆಲ್‌ಅಡ್ವಾಂಟೇಜ್ ಅಂತ ಒಂದು ಕಂಪನಿ ಕಂಪ್ಯೂಟರ್ ಪರದೆಯ ಮೇಲೆ ಜಾಹೀರಾತಿನ ಪಟ್ಟಿ ಇಟ್ಟುಕೊಂಡವರಿಗೆ ಗಂಟೆಗೆ 50 ಸೆಂಟ್ಸ್ ಕೊಡ್ತಿತ್ತು. 2001ರ ಹೊತ್ತಿಗೆ ಮುಚ್ಚಿತು. 2004ರಲ್ಲಿ ಫ್ರೀಐಪಾಡ್ಸ್ ಬಂತು: ಒಂದು ಆಫರ್ ಮುಗಿಸಿ, ಐದು ಜನ ಸ್ನೇಹಿತರಿಂದಲೂ ಮುಗಿಸಿಸಿ, ಐಪಾಡ್ ತಗೊಳ್ಳಿ. ಎಲ್ಲರೂ ಮೋಸ ಅಂದುಕೊಂಡರು, ಆದರೆ ಐಪಾಡ್ ನಿಜವಾಗಿಯೂ ಮನೆಗೆ ಬಂತು! ಎರಡು ವರ್ಷದ ನಂತರ, 2006ರಲ್ಲಿ, ಅದನ್ನು ನಡೆಸುತ್ತಿದ್ದ ಗ್ರಾಟಿಸ್ ಇಂಟರ್ನೆಟ್ ಕಂಪನಿಯ ಮೇಲೆ ನ್ಯೂಯಾರ್ಕಿನ ಅಟಾರ್ನಿ ಜನರಲ್ ಎಲಿಯಟ್ ಸ್ಪಿಟ್ಜರ್ ದಾವೆ ಹೂಡಿದರು. ಮಾಹಿತಿ ಯಾರಿಗೂ ಕೊಡುವುದಿಲ್ಲ ಅಂತ ಭರವಸೆ ಕೊಟ್ಟು, ಲಕ್ಷಗಟ್ಟಲೆ ಜನರ ವಿವರಗಳನ್ನು ಇಮೇಲ್ ಮಾರ್ಕೆಟಿಂಗ್ ಕಂಪನಿಗಳಿಗೆ ಮಾರಿದ್ದಾರೆ ಅಂತ ಆರೋಪ. ಐಪಾಡೂ ಸಿಕ್ಕಿತ್ತು, ಅದರ ಬೆಲೆಯೂ ವಸೂಲಾಗಿತ್ತು.

ನಮ್ಮಲ್ಲಿ ಇದರ ಚೆಂದದ ರೂಪ ಎಂಸೆಂಟ್. ಸೀನಿಯರ್‌ಗಳನ್ನು ಕೇಳಿ, ನೆನಪಿರ್ತದೆ. ಆ್ಯಪ್ ಇಳಿಸಿದರೆ ರೀಚಾರ್ಜ್ ಸಿಗ್ತಿತ್ತು. ಅದರ ಹಿಂದಿದ್ದ ನೇಥನ್ ಈಗಲ್ ಮೊದಲು ಕೀನ್ಯಾದಲ್ಲಿ ಕೆಲಸ ಮಾಡ್ತಿದ್ದವರು. ಆಸ್ಪತ್ರೆಗಳಲ್ಲಿ ರಕ್ತ ಎಷ್ಟು ಉಳಿದಿದೆ ಅಂತ ನರ್ಸ್‌ಗಳು ಎಸ್ಎಂಎಸ್ ಕಳಿಸುವ ವ್ಯವಸ್ಥೆ ಮಾಡಿದ್ದರು. ನರ್ಸ್‌ಗಳು ಸ್ವಲ್ಪ ದಿನದಲ್ಲೇ ನಿಲ್ಲಿಸಿಬಿಟ್ಟರು, ಯಾಕಂದರೆ ಎಸ್ಎಂಎಸ್ ಖರ್ಚು ಅವರ ಕಿಸೆಯಿಂದ ಹೋಗ್ತಿತ್ತು. ಆ ಖರ್ಚನ್ನು ಟಾಕ್‌ಟೈಮ್ ಆಗಿ ವಾಪಸ್ ಕೊಟ್ಟ ಕೂಡಲೇ ಮತ್ತೆ ಕಳಿಸ್ಲಿಕ್ಕೆ ಶುರು ಮಾಡಿದರು. ಸಣ್ಣ ರೀಚಾರ್ಜಿಗೆ ಎಷ್ಟು ಬೆಲೆ ಅಂತ ಗೊತ್ತಾದದ್ದು ಅಲ್ಲಿ. ಭಾರತದಲ್ಲಿ 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲೆ ಹತ್ತು ರೂಪಾಯಿ ರೀಚಾರ್ಜಿಗೆ ಆ್ಯಪ್ ಇಳಿಸುವ ಉತ್ಸಾಹ ಕರಗಿತು.

ಕ್ಲಿಕ್ಕಿನಿಂದ ಕಾಸಿನ ತನಕ

"ಎಲ್ಲ ಮಾಡಿದೆ, ದುಡ್ಡು ಬರಲೇ ಇಲ್ಲ" ಎನ್ನುವ ದೂರು ತುಂಬಾ ಸಾಮಾನ್ಯ. ಕೆಲವು ಸಲ ಅದು ಮೋಸ, ಹಲವು ಸಲ ತಾಂತ್ರಿಕ ಕಾರಣ. ನಾವು ನೆಟ್‌ವರ್ಕ್ಸ್ ಓದುವವರಾದ್ದರಿಂದ ಸ್ವಲ್ಪ ಒಳಗೆ ಹೋಗಿ ನೋಡುವ.

ಆಫರ್ ಒತ್ತಿದಾಗ ನೇರ ಪ್ಲೇ ಸ್ಟೋರ್ ತೆರೆಯುವುದಿಲ್ಲ. ನಡುವೆ ಒಂದು ಟ್ರ್ಯಾಕಿಂಗ್ ಸರ್ವರ್ ಇರ್ತದೆ. ಅದು ಆ ಕ್ಲಿಕ್ಕಿಗೆ ಒಂದು ಐಡಿ ಹುಟ್ಟಿಸಿ, ಪ್ಲೇ ಸ್ಟೋರ್ ಲಿಂಕಿಗೆ ಬಾಲದ ಹಾಗೆ ಅಂಟಿಸ್ತದೆ. ಆ್ಯಪ್ ಮೊದಲ ಸಲ ತೆರೆದಾಗ ಅದರೊಳಗಿರುವ ಎಸ್‌ಡಿಕೆ ಆ ಬಾಲವನ್ನು ಪ್ಲೇ ಸ್ಟೋರಿನಿಂದ ಓದಿಕೊಂಡು ಅಟ್ರಿಬ್ಯೂಷನ್ ಕಂಪನಿಗೆ ಹೇಳ್ತದೆ. ಆ್ಯಪ್ಸ್‌ಫ್ಲೈಯರ್, ಅಡ್ಜಸ್ಟ್ ಇಂಥ ಕಂಪನಿಗಳು. ನೀವು ಲೆವೆಲ್ 10 ಮುಟ್ಟಿದಾಗ ಇನ್ನೊಂದು ಸುದ್ದಿ ಹೋಗ್ತದೆ. ಆಗ ಅಲ್ಲಿಂದ ಜಾಹೀರಾತು ಜಾಲದ ಸರ್ವರ್‌ಗೆ, ಅಲ್ಲಿಂದ ನಿಮಗೆ ಆಫರ್ ತೋರಿಸಿದ ಆ್ಯಪ್‌ನ ಸರ್ವರ್‌ಗೆ ಒಂದೊಂದು ಎಚ್‌ಟಿಟಿಪಿ ಕರೆ: "ಇಂಥ ಕ್ಲಿಕ್ ಐಡಿಯ ಕೆಲಸ ಮುಗಿಯಿತು." ಇದಕ್ಕೆ ಪೋಸ್ಟ್‌ಬ್ಯಾಕ್ ಅಂತ ಹೆಸರು. ಅದು ಬಂದರೆ ನಿಮ್ಮ ವ್ಯಾಲೆಟ್ಟಿನಲ್ಲಿ ನಾಣ್ಯ ಬೀಳ್ತದೆ, ಬರದಿದ್ದರೆ ನೀವು ಲೆವೆಲ್ 100 ಮುಟ್ಟಿದರೂ ಆ ಸರ್ವರ್‌ಗೆ ನೀವು ಯಾರೂ ಅಲ್ಲ.

ಈ ಸರಪಳಿ ಎಲ್ಲಿ ಬೇಕಾದರೂ ಕಡಿಯಬಹುದು. ಆ್ಯಪ್ ಮೊದಲೇ ಒಮ್ಮೆ ಫೋನಿನಲ್ಲಿ ಇದ್ದಿದ್ದರೆ ನೀವು ಹೊಸ ಗ್ರಾಹಕ ಅಲ್ಲ. ಆ್ಯಡ್ ಬ್ಲಾಕರ್ ಅಥವಾ ಜಾಹೀರಾತು ತಡೆಯುವ ಪ್ರೈವೇಟ್ ಡಿಎನ್‌ಎಸ್ ಹಾಕಿಕೊಂಡಿದ್ದರೆ (ನಮ್ಮಲ್ಲಿ ಅರ್ಧ ಜನ ಹಾಕಿಕೊಂಡಿದ್ದಾರೆ) ಟ್ರ್ಯಾಕಿಂಗ್ ಸರ್ವರ್‌ಗೆ ದಾರಿಯೇ ಇಲ್ಲ. ಆಫರ್ ಒತ್ತಿದ ಮೇಲೆ, ಇನ್‌ಸ್ಟಾಲ್ ಮಾಡುವ ಮೊದಲು, ಇನ್‌ಸ್ಟಾಗ್ರಾಮಿನಲ್ಲಿ ಅದೇ ಆ್ಯಪ್‌ನ ಜಾಹೀರಾತು ಒತ್ತಿದರೆ ಸಾಮಾನ್ಯವಾಗಿ ಕೊನೆಯ ಕ್ಲಿಕ್ಕಿಗೇ ಲೆಕ್ಕ. ನಿಮ್ಮ ಪಾಲು ಅಲ್ಲಿಗೆ ಹೋಯ್ತು.

ಹಾಸ್ಟೆಲ್ ವೈಫೈಯದ್ದು ಬೇರೆಯೇ ಕತೆ. ನಾವೆಲ್ಲ ಒಂದೇ ನ್ಯಾಟ್ ಹಿಂದೆ ಕೂತಿರುವವರು, ಹೊರಗಿನ ಜಗತ್ತಿಗೆ ಇಡೀ ಹಾಸ್ಟೆಲ್ ಒಂದೇ ಐಪಿ. ಒಂದು ರಾತ್ರಿಯಲ್ಲಿ ಒಂದೇ ಐಪಿಯಿಂದ ಒಂದೇ ಆ್ಯಪ್ 40 ಫೋನಿಗೆ ಇಳಿದರೆ ಅಲ್ಲಿನ ವಂಚನೆ ಪತ್ತೆ ಮಾಡುವ ಸಾಫ್ಟ್‌ವೇರ್‌ಗೆ ಅದು ಹಾಸ್ಟೆಲ್ ಅಂತ ಕಾಣುವುದಿಲ್ಲ. ಸಾಲಾಗಿ ಫೋನ್ ಜೋಡಿಸಿಟ್ಟು ಸುಳ್ಳು ಇನ್‌ಸ್ಟಾಲ್ ಹುಟ್ಟಿಸುವ ಫಾರ್ಮ್ ಅಂತ ಕಾಣ್ತದೆ. ಅಂಥ ಫಾರ್ಮ್‌ಗಳು ನಿಜವಾಗಿಯೂ ಇರುವುದರಿಂದ ಅವರ ಅನುಮಾನ ತಪ್ಪಲ್ಲ. ಎಮ್ಯುಲೇಟರ್‌ನಲ್ಲಿ ಹತ್ತು ಫೋನ್ ಮಾಡಿ ಹತ್ತು ಸಲ ಗೆಲ್ಲುವ ಐಡಿಯಾ ಇದ್ದವರಿಗೂ ಅದೇ ಉತ್ತರ. ಅದನ್ನು ನಮಗಿಂತ ಮೊದಲು ಯೋಚಿಸಿದವರನ್ನು ಹಿಡಿಯಲಿಕ್ಕೇ ಅವರು ಸಂಬಳ ತಗೊಳ್ತಾರೆ.

ಇನ್ನು ಪಾಲಿನ ವಿಷಯ. ಲೆಕ್ಕ ಅರ್ಥ ಆಗಲಿ ಅಂತ ಒಂದು ಸಂಖ್ಯೆ ಇಟ್ಟುಕೊಳ್ಳುವ: ಕಂಪನಿ ಒಬ್ಬ ಆಟಗಾರನಿಗೆ 150 ರೂಪಾಯಿ ಇಟ್ಟರೆ, ಜಾಹೀರಾತು ಜಾಲ ತನ್ನ ಪಾಲು ಹಿಡಿದು, ಆಫರ್ ತೋರಿಸುವ ಆ್ಯಪ್ ತನ್ನದನ್ನು ಹಿಡಿದು, ನಮಗೆ 60 ಬರಬಹುದು. ಅದೂ 'ಕಾಯಿನ್' ಲೆಕ್ಕದಲ್ಲಿ, ಅದೂ 500 ರೂಪಾಯಿ ಆಗುವ ತನಕ ತೆಗೆಯುವ ಹಾಗಿಲ್ಲ. ಬಂದರಿನ ಏಲಂನಲ್ಲಿ ಬಂಗ್ಡೆಗೆ ಕೂಗಿದ ರೇಟಿಗೂ ಬೆಂಗಳೂರಿನ ಹೋಟೆಲಿನ ತಟ್ಟೆಯಲ್ಲಿ ಅದೇ ಬಂಗ್ಡೆಯ ರೇಟಿಗೂ ನಡುವೆ ಐಸು, ಲಾರಿ, ಕಮಿಷನ್ ಎಲ್ಲ ಇರ್ತದಲ್ಲ, ಹಾಗೆ. ವ್ಯತ್ಯಾಸ ಏನಂದರೆ ಇಲ್ಲಿ ಬುಟ್ಟಿಯೊಳಗೆ ಇರುವುದು ನಾವು.

ಗಂಟೆಯ ಲೆಕ್ಕ ಇನ್ನೂ ಬೇಸರ. 200 ರೂಪಾಯಿಯ ಗೇಮ್ ಆಫರ್ ಮುಗಿಸ್ಲಿಕ್ಕೆ 12 ಗಂಟೆ ಹೋದರೆ ಗಂಟೆಗೆ 17 ರೂಪಾಯಿಯೂ ಇಲ್ಲ. ಆಟಗಳು ಮೊದಲ ಐದು ಲೆವೆಲ್ ಬೆಣ್ಣೆಯ ಹಾಗೆ ಜಾರಿ, ಎಂಟರ ಮೇಲೆ ಕಲ್ಲಾಗುವುದು ಆಕಸ್ಮಿಕ ಅಲ್ಲ. ಅಲ್ಲಿ ನೀವು 99 ರೂಪಾಯಿಯ ಪ್ಯಾಕ್ ಕೊಳ್ಳಬೇಕು ಅಂತಲೇ ಆ ವಿನ್ಯಾಸ. ಗಂಗೊಳ್ಳಿಯಲ್ಲಿ ನಿಂತರೆ ಕುಂದಾಪುರ ಎದುರಿಗೇ ಕಾಣ್ತದೆ, ರಸ್ತೆಯಲ್ಲಿ ಹೊರಟರೆ ತ್ರಾಸಿಗೆ ಹೋಗಿ ಸುತ್ತಿ ಬರಬೇಕು. ಆಫರಿನ ಕೊನೆಯ ಲೆವೆಲ್ಲೂ ಹಾಗೇ ಕಾಣುವುದು.

ದೊಡ್ಡ ಮೊತ್ತ ಕೊಡುವವು ಬ್ಯಾಂಕು, ಡಿಮ್ಯಾಟ್, ಕ್ರೆಡಿಟ್ ಕಾರ್ಡ್ ಆಫರ್‌ಗಳು. ಇವು ನಿಜ. ಆದರೆ ಒಂದು ಪ್ಯಾನ್‌ಗೆ ಒಂದೇ ಸಲ. ಎಲ್ಲವನ್ನೂ ಒಂದೊಂದು ಸಲ ಮುಗಿಸಿದರೆ ಅಲ್ಲಿಗೆ ತೀರಿತು. ಹಾಗಾಗಿ ಇದು ತಿಂಗಳ ಸಂಪಾದನೆ ಅಲ್ಲ, ಒಂದು ಕೊಪ್ಪರಿಗೆ; ಬಗ್ಗಿಸಿದರೆ ಖಾಲಿ. "ತಿಂಗಳಿಗೆ 30 ಸಾವಿರ" ಅಂತ ವಿಡಿಯೊ ಮಾಡುವವರ ಸಂಪಾದನೆ ಹೆಚ್ಚಾಗಿ ಆಫರಿನದ್ದಲ್ಲ. ಆ ವಿಡಿಯೊದ ಕೆಳಗಿನ ಲಿಂಕ್ ಒತ್ತಿದ ನಮ್ಮದು.

ಲೆಕ್ಕಕ್ಕೆ ಬಾರದ ಖರ್ಚು

'ಒಂದು ರೂಪಾಯಿಗೆ ಟ್ರಯಲ್' ಎನ್ನುವ ಆಫರ್‌ಗಳು ಬಹಳ. ಆ ಒಂದು ರೂಪಾಯಿ ಕೊಡುವಾಗ ನೀವು ಪಿನ್ ಹಾಕುವುದು ಪೇಮೆಂಟಿಗೆ ಮಾತ್ರ ಅಲ್ಲ, ಯುಪಿಐ ಆಟೊಪೇ ಮ್ಯಾಂಡೇಟಿಗೂ. ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಿದರೆ ಮ್ಯಾಂಡೇಟ್ ಹೋಗುವುದಿಲ್ಲ. ನಿಮ್ಮ ಯುಪಿಐ ಆ್ಯಪ್‌ನಲ್ಲಿ ಆಟೊಪೇ ವಿಭಾಗಕ್ಕೆ ಹೋಗಿ ಅಲ್ಲಿಂದಲೇ ರದ್ದು ಮಾಡಬೇಕು. ಇದನ್ನು ಓದ್ತಾ ಇರುವಾಗಲೇ ಒಮ್ಮೆ ನೋಡಿ. ನಿಮಗೆ ನೆನಪೇ ಇಲ್ಲದ ಹೆಸರು ಒಂದೆರಡು ಅಲ್ಲಿ ಕೂತಿದ್ದರೆ ಆಶ್ಚರ್ಯ ಇಲ್ಲ.

'ಪೇ ಲೇಟರ್' ಖಾತೆ ತೆರೆದರೆ 100 ರೂಪಾಯಿ ಅಂತ ಬಂದರೆ, ಅದು ಎಷ್ಟೋ ಕಡೆ ನಿಮ್ಮ ಹೆಸರಿನಲ್ಲಿ ಒಂದು ಸಾಲದ ಖಾತೆ. ಸಿಬಿಲ್ ವರದಿಯಲ್ಲಿ ಸಾಲ ಅಂತಲೇ ಬೀಳಬಹುದು. ಮರೆತು 40 ರೂಪಾಯಿ ಬಾಕಿ ಉಳಿಸಿಕೊಂಡರೂ ಅದು ಕಂತು ತಪ್ಪಿದ ಸಾಲ. ನಾಳೆ ಎಂಎಸ್‌ಗೆ ಎಜುಕೇಷನ್ ಲೋನ್ ಕೇಳಲಿಕ್ಕೆ ಹೋದಾಗ ಮ್ಯಾನೇಜರ್ ಪರದೆಯ ಮೇಲೆ ಮೊದಲು ಕಾಣುವುದು ಅದೇ. ಡಿಮ್ಯಾಟ್ ಖಾತೆಗೆ ಎಷ್ಟೋ ಕಡೆ ವರ್ಷದ ನಿರ್ವಹಣಾ ಶುಲ್ಕ ಉಂಟು. ಕೊಟ್ಟ ಬೋನಸ್ ಎರಡೇ ವರ್ಷದಲ್ಲಿ ವಾಪಸ್ ಹೋಗ್ತದೆ. ಕ್ರೆಡಿಟ್ ಕಾರ್ಡ್ ಆಫರಿಗೆ ಫಾರಂನಲ್ಲಿ ಆದಾಯ 'ವರ್ಷಕ್ಕೆ 6 ಲಕ್ಷ' ಅಂತ ತುಂಬಿಸುವವರಿಗೆ ಒಂದು ಮಾತು: ಅದು ಚೇಷ್ಟೆ ಅಲ್ಲ, ಬ್ಯಾಂಕಿಗೆ ಕೊಟ್ಟ ಸುಳ್ಳು ಹೇಳಿಕೆ.

ರಮ್ಮಿ, ಫ್ಯಾಂಟಸಿ ಆಫರ್‌ಗಳು ಒಂದು ಕಾಲದಲ್ಲಿ ಚೆನ್ನಾಗಿ ಕೊಡ್ತಿದ್ದವು. '50 ಡಿಪಾಸಿಟ್ ಮಾಡಿ, 150 ಪಡೆಯಿರಿ' ಅಂತ. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆ ಪಾಸು ಮಾಡಿ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಡ್ರೀಮ್11 ಅಂಥದ್ದೇ ಹಣದ ಸ್ಪರ್ಧೆ ನಿಲ್ಲಿಸಿತು. ಆ ಕಾಯ್ದೆಯಲ್ಲಿ ಇಂಥ ಆಟಗಳ ಜಾಹೀರಾತು ಮಾಡುವುದಕ್ಕೂ ಎರಡು ವರ್ಷದ ತನಕ ಶಿಕ್ಷೆ ಉಂಟು. ಈಗಲೂ ಯಾರಾದರೂ ಅಂಥ ಆ್ಯಪ್‌ನ ರೆಫರಲ್ ಲಿಂಕ್ ಗ್ರೂಪಿಗೆ ಹಾಕಿದರೆ ದಯವಿಟ್ಟು ಫಾರ್ವರ್ಡ್ ಮಾಡ್ಬೇಡಿ.

ಹಣ ಉಲ್ಟಾ ಹರಿಯುವ ಕಡೆ

ಇಲ್ಲಿ ತನಕ ಹೇಳಿದ್ದರಲ್ಲಿ ಹಣ ಕಂಪನಿಯಿಂದ ನಮ್ಮ ಕಡೆಗೆ ಬರ್ತದೆ, ಕಮ್ಮಿಯೋ ಜಾಸ್ತಿಯೋ. ಕೆಲಸ ಕೊಡುವವನಿಗೆ ನಾವೇ ಮೊದಲು ಹಣ ಕಟ್ಟಬೇಕು ಅಂತ ಆದ ಕ್ಷಣ ಅದು ಆಫರ್ ಅಲ್ಲ, ಬೇರೆ ವ್ಯವಹಾರ.

2010–11ರಲ್ಲಿ ಸ್ಪೀಕ್ ಏಷ್ಯಾ ಅಂತ ಬಂದಿತ್ತು, ಟಿವಿಯಲ್ಲಿ ಜಾಹೀರಾತು ಕೂಡ. 11,000 ರೂಪಾಯಿ ಕಟ್ಟಿದರೆ ವಾರಕ್ಕೆ ಎರಡು ಸರ್ವೆ, ಒಂದಕ್ಕೆ 500. ವರ್ಷಕ್ಕೆ 52,000! ನಾಲ್ಕು ಪ್ರಶ್ನೆಗೆ ಟಿಕ್ ಹಾಕಿದವರಿಗೆ 500 ರೂಪಾಯಿ ಕೊಡುವ ಕಂಪನಿಗೆ ಆ ಉತ್ತರಗಳನ್ನು ಕೊಳ್ಳುವವರು ಯಾರು ಅಂತ ಯಾರೂ ಕೇಳಲಿಲ್ಲ. ಕೊಳ್ಳುವವರು ಇರಲಿಲ್ಲ. ಹೊಸಬರ 11,000ದಲ್ಲೇ ಹಳಬರಿಗೆ 500 ಹೋಗ್ತಿತ್ತು. 2017ರ ಫೆಬ್ರವರಿಯಲ್ಲಿ ಉತ್ತರ ಪ್ರದೇಶದ ಎಸ್‌ಟಿಎಫ್ ನೋಯ್ಡಾದಲ್ಲಿ ಸೋಶಿಯಲ್ ಟ್ರೇಡ್ ನಡೆಸುತ್ತಿದ್ದವರನ್ನು ಬಂಧಿಸಿತು. ಅಲ್ಲಿ 5,750ರಿಂದ 57,500 ರೂಪಾಯಿ ತನಕ ಪ್ಯಾಕೇಜು, ಒಂದು ಲಿಂಕ್ ಕ್ಲಿಕ್ ಮಾಡಿದರೆ 5 ರೂಪಾಯಿ. ಸುಮಾರು 3,700 ಕೋಟಿ ರೂಪಾಯಿ ವಂಚನೆ ಅಂತ ಪೊಲೀಸರು ಹೇಳಿದರು. ಅದನ್ನು ನಡೆಸಿದ್ದ ಅನುಭವ್ ಮಿತ್ತಲ್ ಕೂಡ ಇಂಜಿನಿಯರಿಂಗ್ ಓದಿದವನೇ ಅನ್ನುವುದು ನಮ್ಮ ಬ್ರಾಂಚಿಗೆ ಅಷ್ಟೇನೂ ಹೆಮ್ಮೆಯ ವಿಷಯ ಅಲ್ಲ.

ನಮ್ಮ ರಾಜ್ಯದ್ದೇ ಬೇಕಾದರೆ ಕೀಪ್‌ಶೇರರ್. ಬೆಂಗಳೂರು ದಕ್ಷಿಣ ವಿಭಾಗದ ಸಿಇಎನ್ ಠಾಣೆಯ ಎಫ್‌ಐಆರ್ ಹಿಡಿದುಕೊಂಡು ಜಾರಿ ನಿರ್ದೇಶನಾಲಯ 2022ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ 12 ಕಡೆ ಶೋಧ ಮಾಡಿ 5.85 ಕೋಟಿ ರೂಪಾಯಿ ವಶಪಡಿಸಿಕೊಂಡಿತು. ಅದರ ಪ್ರಕಾರ ಚೀನಾದವರ ಹಿಡಿತದಲ್ಲಿದ್ದ ಈ ಆ್ಯಪ್ ಯುವಕರಿಗೆ ಪಾರ್ಟ್‌ಟೈಮ್ ಕೆಲಸ ಅಂತ ಕೊಟ್ಟದ್ದು ಸೆಲೆಬ್ರಿಟಿಗಳ ವಿಡಿಯೊ ಲೈಕ್ ಮಾಡಿ ಅಪ್‌ಲೋಡ್ ಮಾಡುವ ಕೆಲಸ. ಒಂದು ವಿಡಿಯೊಗೆ 20 ರೂಪಾಯಿ. ಜತೆಗೆ ಹೂಡಿಕೆಯ ಹೆಸರಿನಲ್ಲಿ ಹಣ ಕಟ್ಟಿಸಿಕೊಂಡಿತ್ತು. ಸ್ವಲ್ಪ ದಿನ ದುಡ್ಡು ಬಂತು. ಆಮೇಲೆ ಆ್ಯಪ್ ಪ್ಲೇ ಸ್ಟೋರಿನಿಂದಲೇ ಮಾಯ.

ಈಗ ಪ್ರತ್ಯೇಕ ಆ್ಯಪ್ ಕೂಡ ಬೇಡ, ಟೆಲಿಗ್ರಾಂ ಸಾಕು. ಮೂರು ಯೂಟ್ಯೂಬ್ ವಿಡಿಯೊಗೆ ಲೈಕ್ ಒತ್ತಿ ಸ್ಕ್ರೀನ್‌ಶಾಟ್ ಕಳಿಸಿದರೆ 150 ರೂಪಾಯಿ ಐದೇ ನಿಮಿಷದಲ್ಲಿ ಯುಪಿಐಗೆ ಬೀಳ್ತದೆ. ಎಷ್ಟು ಅನುಮಾನ ಇದ್ದವರೂ ಅಲ್ಲಿಗೆ ಮೆತ್ತಗಾಗ್ತಾರೆ. ನಂತರ 'ಪ್ರೀಪೇಯ್ಡ್ ಟಾಸ್ಕ್': 1,000 ಹಾಕಿ, 1,300 ತೆಗೆಯಿರಿ. ಅದೂ ಬರ್ತದೆ. ನಂತರ 5,000. ನಂತರ ಇದ್ದಕ್ಕಿದ್ದಂತೆ, "ನೀವು ತಪ್ಪು ಬಟನ್ ಒತ್ತಿದಿರಿ, ಗ್ರೂಪಿನ ಎಲ್ಲರ ಹಣ ಸಿಕ್ಕಿಬಿತ್ತು, 28,000 ಕಟ್ಟಿದರೆ ಬಿಡುಗಡೆ ಆಗ್ತದೆ." ಗ್ರೂಪಿನಲ್ಲಿರುವ ಉಳಿದ ಮೂವರು "ಬೇಗ ಕಟ್ಟಿ ಬ್ರೋ, ನನ್ನ ಹಣ ನಿಮ್ಮಿಂದ ನಿಂತಿದೆ" ಅಂತ ಅಳ್ತಾರೆ. ಆ ಮೂವರೂ ಅವರದೇ ಜನ. ಪರದೆಯ ಮೇಲೆ ಕಾಣುವ ಬ್ಯಾಲೆನ್ಸ್ ಒಂದು ವೆಬ್‌ಪೇಜಿನ ಅಂಕಿ ಅಷ್ಟೇ. ಎರಡನೇ ಸೆಮಿಸ್ಟರಿನವರೂ ಅಂಥದ್ದೊಂದು ಪುಟ ಮಾಡಬಲ್ಲರು.

ಇಲ್ಲಿ ಹೆಚ್ಚಿನವರು ಗಮನಿಸದ ಒಂದು ವಿಷಯ ಉಂಟು. ಮೊದಲು ಬಂದ ಆ 150 ರೂಪಾಯಿ ಯಾರದ್ದು? ಅದು ಇನ್ನೊಬ್ಬ ಮೋಸ ಹೋದವರ ಹಣ ಆಗಿರಬಹುದು. ಅವರು ದೂರು ಕೊಟ್ಟರೆ ಹಣ ಹೋದ ಖಾತೆಗಳ ಸರಪಳಿಯನ್ನೇ ಹಿಡಿದು ಬ್ಯಾಂಕುಗಳು ತಡೆ ಹಾಕ್ತಾ ಬರ್ತವೆ. ನೀವು ಒಂದು ರೂಪಾಯಿ ಕಳಕೊಳ್ಳದೆ, 'ಜಾಣತನದಿಂದ' 150 ಗೆದ್ದು ಹೊರಗೆ ಬಂದಿದ್ದರೂ ನಿಮ್ಮ ಖಾತೆಗೆ ಹೋಲ್ಡ್ ಬೀಳಬಹುದು. ಸ್ಕಾಲರ್‌ಶಿಪ್ ಬರುವುದು ಆಧಾರ್ ಜೋಡಿಸಿದ ಅದೇ ಖಾತೆಗೆ. ತಡೆ ತೆಗೆಸ್ಲಿಕ್ಕೆ ಯಾವುದೋ ರಾಜ್ಯದ ಯಾವುದೋ ಠಾಣೆಗೆ ಪತ್ರ ಬರೆಯುತ್ತಾ ಕೂರಬೇಕು.

ಅಕೌಂಟ್ ಬಾಡಿಗೆಗೆ

ಇಡೀ ವಿಷಯದಲ್ಲಿ ನನಗೆ ಹೆಚ್ಚು ಹೆದರಿಕೆ ಇದರದ್ದು. ಇದು ಕೂಡ ಆಫರಿನ ವೇಷದಲ್ಲೇ ಬರ್ತದೆ: "ಹೊಸ ಸೇವಿಂಗ್ಸ್ ಅಕೌಂಟ್ ಓಪನ್ ಮಾಡಿ, ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ನಮಗೆ ಕೊಡಿ, 5,000 ಕೈಗೆ." ಹಣ ಕಟ್ಟ್ಲಿಕ್ಕಿಲ್ಲ, ಆಟ ಆಡ್ಲಿಕ್ಕಿಲ್ಲ. ಹಣದ ದಿಕ್ಕು ನೋಡುವ ಪರೀಕ್ಷೆಯಲ್ಲಿ ಇದು ಪಾಸಾಗ್ತದೆ, ಯಾಕಂದರೆ ಅವರೇ ನಮಗೆ ಕೊಡುವುದು. ಆದರೆ ಅವರು ಕೊಳ್ಳುತ್ತಿರುವುದು ನಮ್ಮ ಹೆಸರನ್ನು.

ಮೇಲೆ ಹೇಳಿದ ಎಲ್ಲ ಟಾಸ್ಕ್ ಮೋಸಗಳೂ, ಡಿಜಿಟಲ್ ಅರೆಸ್ಟ್ ಮೋಸಗಳೂ ನಡೆಯುವುದು ಇಂಥ ಖಾತೆಗಳ ಮೇಲೆ. ಇವಕ್ಕೆ ಮ್ಯೂಲ್ ಖಾತೆ ಅಂತ ಹೆಸರು, ಹೊರೆ ಹೊರುವ ಹೇಸರಗತ್ತೆಯಿಂದ ಬಂದದ್ದು. ಯಾರದ್ದೋ ನಿವೃತ್ತಿಯ ಹಣ ನಿಮ್ಮ ಹೆಸರಿನ ಖಾತೆಗೆ ಬಂದು ಹತ್ತು ನಿಮಿಷದಲ್ಲಿ ಹತ್ತು ತುಂಡಾಗಿ ಹೋಗ್ತದೆ. ಮಾಡಿದವನು ಎಲ್ಲೋ ಇದ್ದಾನೆ, ಪೊಲೀಸರಿಗೆ ಸಿಗುವ ಮೊದಲ ವಿಳಾಸ ನಿಮ್ಮದು. ಕಂಪ್ಯೂಟರ್ ಬಳಸಿ ಬೇರೆಯವರ ವೇಷ ಹಾಕಿ ಮೋಸ ಮಾಡುವುದಕ್ಕೆ ಐಟಿ ಕಾಯ್ದೆಯ 66ಡಿ ಕಲಂನಲ್ಲಿ ಮೂರು ವರ್ಷದ ತನಕ ಜೈಲು, ಒಂದು ಲಕ್ಷದ ತನಕ ದಂಡ ಉಂಟು. ಖಾತೆ ಕೊಟ್ಟವರನ್ನೂ ಇಂಥ ಪ್ರಕರಣಗಳಲ್ಲಿ ಆರೋಪಿ ಮಾಡ್ತಾರೆ. ಶಿಕ್ಷೆ ಆಗದೇ ಇದ್ದರೂ ಪಾಸ್‌ಪೋರ್ಟಿನ ಪೊಲೀಸ್ ವೆರಿಫಿಕೇಷನ್‌ನಲ್ಲಿ, ಕೆಲಸಕ್ಕೆ ಸೇರುವಾಗಿನ ಬ್ಯಾಕ್‌ಗ್ರೌಂಡ್ ಚೆಕ್‌ನಲ್ಲಿ ಒಂದು ಬಾಕಿ ಕೇಸು ಎಷ್ಟು ಭಾರ ಅಂತ ಫೈನಲ್ ಇಯರ್‌ನವರಿಗೆ ಹೇಳ್ಬೇಕಾಗಿಲ್ಲ.

ಇದರದ್ದೇ ಸಣ್ಣ ರೂಪವನ್ನು ನಾವು ಮನೆಯಲ್ಲಿ ಮಾಡ್ತೇವೆ. ಒಂದು ಪ್ಯಾನ್‌ಗೆ ಒಂದೇ ಆಫರ್ ಅಲ್ವಾ? ನಮ್ಮದು ಮುಗಿದ ಮೇಲೆ ಅಮ್ಮನ ಪ್ಯಾನು, ಅಜ್ಜಿಯ ಆಧಾರು. ಅಮ್ಮ ಏನೂ ಕೇಳದೆ ಒಟಿಪಿ ಓದಿ ಹೇಳ್ತಾರೆ, ಮಗ ಇಂಜಿನಿಯರಿಂಗ್ ಓದ್ತಾನೆ, ಅವನಿಗೆ ಗೊತ್ತಿರ್ತದೆ ಅಂತ. ಊರಲ್ಲಿ ಮೀನು ಮಾರಿ, ಸಂಘದಲ್ಲಿ ಸಾಲ ತಗೊಂಡು, ವಾರ ವಾರ ತಪ್ಪದೆ ಕಟ್ಟುವ ಅಮ್ಮಂದಿರು ಎಷ್ಟು ಜನ ಇದ್ದಾರೆ ಲೆಕ್ಕ ಹಾಕಿ. ಅವರ ಹೆಸರಿನಲ್ಲಿ ಅವರಿಗೇ ಗೊತ್ತಿಲ್ಲದ ಒಂದು ಪೇ ಲೇಟರ್ ಸಾಲ ಇದ್ದು, ಅದರ 60 ರೂಪಾಯಿ ಎಂಟು ತಿಂಗಳಿಂದ ಬಾಕಿ ಇದ್ದರೆ, ಮುಂದಿನ ಸಲ ಬ್ಯಾಂಕಿನವರು ಸಾಲ ಇಲ್ಲ ಅಂದಾಗ ಕಾರಣ ಅವರಿಗೆ ಅರ್ಥ ಆಗುವುದೂ ಇಲ್ಲ.

ಇಷ್ಟು ಹೇಳಿದ ಮೇಲೂ ಆಫರ್ ಮಾಡ್ಲೇಬಾರದು ಅಂತ ನಾನು ಹೇಳುವುದಿಲ್ಲ. ಬ್ಯಾಂಕಿನದ್ದೋ ಹೆಸರಿರುವ ಕಂಪನಿಯದ್ದೋ ಆಫರ್ ಸಿಕ್ಕಿ, ನಿಮಗೆ ಆ ಖಾತೆ ಹೇಗೂ ಬೇಕಿದ್ದರೆ ಧಾರಾಳ ತಗೊಳ್ಳಿ. ಮೆಸ್ ಬಿಲ್ಲಿಗೆ ಆಯ್ತು. ಅದಕ್ಕೆ ಬೇರೆ ಇಮೇಲ್ ಇಟ್ಟುಕೊಳ್ಳಿ. ಮೊಬೈಲ್ ಡೇಟಾದಲ್ಲಿ ಮಾಡಿ, ಷರತ್ತಿನ ಪುಟದ ಸ್ಕ್ರೀನ್‌ಶಾಟ್ ತೆಗೆದಿಡಿ, ಗಂಟೆ ಲೆಕ್ಕ ಹಾಕಿ. ಪ್ಲೇ ಸ್ಟೋರಿನ ಹೊರಗಿಂದ ಎಪಿಕೆ ಹಾಕಿ ಅಂದರೆ, ಅಥವಾ ಎಸ್ಎಂಎಸ್ ಓದುವ ಅನುಮತಿ, ಆಕ್ಸೆಸಿಬಿಲಿಟಿ ಅನುಮತಿ ಕೇಳಿದರೆ ಅಲ್ಲಿಗೇ ಬಿಡಿ. ಆಕ್ಸೆಸಿಬಿಲಿಟಿ ಕೊಟ್ಟರೆ ಆ ಆ್ಯಪ್ ನಿಮ್ಮ ಪರದೆಯನ್ನು ಓದಬಹುದು, ನಿಮ್ಮ ಪರವಾಗಿ ಒತ್ತಲೂಬಹುದು.

ಹಣ ಹೋಯ್ತು ಅಂತ ಗೊತ್ತಾದರೆ ಮೊದಲ ಕರೆ 1930ಕ್ಕೆ. ಟೆಲಿಗ್ರಾಂನಲ್ಲಿ 'ರಿಕವರಿ ಏಜೆಂಟ್' ಅಂತ ಬರುವವನಿಗೆ ಅಲ್ಲ, ಅವನು ಎರಡನೇ ಸಲ ದೋಚಲಿಕ್ಕೆ ಬಂದವನು. ಹಣ ಇನ್ನೂ ಯಾವುದಾದರೂ ಖಾತೆಯಲ್ಲಿ ನಿಂತಿದ್ದರೆ ಮಾತ್ರ ಹಿಡಿಯಲಿಕ್ಕೆ ಆಗುವುದು, ಹಾಗಾಗಿ ಮನೆಯಲ್ಲಿ ಬಯ್ತಾರೆ ಅಂತ ಎರಡು ದಿನ ಸುಮ್ಮನೆ ಕೂತರೆ ಆ ಎರಡು ದಿನವೇ ಅವರಿಗೆ ಬೇಕಾದದ್ದು. ಕರೆ ಮಾಡುವಾಗ ಕೈಯಲ್ಲಿ ಇರಬೇಕಾದದ್ದು: ಹಣ ಹೋದ ಖಾತೆಯ ನಂಬರ್, ದಿನ, ಸಮಯ, ಮೊತ್ತ, ಮತ್ತು ಯುಪಿಐ ಪಾವತಿಯ ವಿವರದಲ್ಲಿ ಕಾಣುವ 12 ಅಂಕಿಯ ಯುಟಿಆರ್ ನಂಬರ್. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್‌ನಲ್ಲೂ ದೂರು ದಾಖಲಿಸಬಹುದು. ಜಿಲ್ಲೆಗೆ ಉಡುಪಿಯಲ್ಲಿ ಸಿಇಎನ್ ಠಾಣೆ ಉಂಟು, ಗಂಗೊಳ್ಳಿಯವರು ಊರಿನ ಠಾಣೆಗೆ ಹೋದರೂ ಆಗ್ತದೆ. ಚಾಟ್ ಡಿಲೀಟ್ ಮಾಡ್ಬೇಡಿ, ಗ್ರೂಪಿನಿಂದ ಹೊರಗೆ ಬರುವ ಮೊದಲು ಅವರ ಯುಪಿಐ ಐಡಿಗಳ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.